ಪೇರಲವೋ ನೇರಳೆಯೋ

ಮೊರಬ
ಸೋಮವಾರ

ಪ್ರಿಯ ದಾನೇಶ್ವರಿಗೆ,

೧. ಪೇರಲದ ಕಸಿ ಸಸಿ ಎರಡು ವರ್ಷಕ್ಕೆ ಹಣ್ಣು ಬಿಡುತ್ತದೆ.
೨. ನೀನು ಕೇಳಿದ ನೇರಳೆ ಬೀಜದ ಸಸಿಯಾದ್ದರಿಂದ ಎಂಟು ವರ್ಷವಾದರೂ ಬೇಕು.
೩. ಇಂದು ಕೈಸೇರಿದ ವರದಿಯ ಪ್ರಕಾರ ನಿನ್ನ ಗಡ್ಡೆ ಕ್ಯಾನ್ಸರ್ ಅಲ್ಲ.

ಮೂರನೆಯದನ್ನು ಫೋನಿನಲ್ಲಿ ಹೇಳಿದೆ. ಫೋನಿಟ್ಟ ಮೇಲೆ ಉಳಿದದ್ದನ್ನು ಬರೆಯಲು ಕೂತಿದ್ದೇನೆ.

ನಿನ್ನ ಆಪರೇಷನ್ನಿನ ಹಿಂದಿನ ದಿನ ನಾನು, ನೇರಳೆಯ ಬೇರು ಗೋಡೆ ಸೀಳುತ್ತದೆ, ಪೇರಲವೇ ಇರಲಿ ಎಂದಿದ್ದೆ. ನೀನು ನಕ್ಕು, “ಎಂಜಿನಿಯರ್ ಸಾಹೇಬ್ರ, ಗ್ವಾಡಿ ನೆವ ಯಾಕ್ರಿ? ನಾ ಎಂಟು ವರ್ಷ ಇರೂದಿಲ್ಲ ಅಂತ ಲೆಕ್ಕಾ ಹಾಕೀರಿ, ಹೌದಲ್ಲ?” ಎಂದಿದ್ದೆ.

ಗೋಡೆಯ ಸಮಸ್ಯೆಗೆ ಪರಿಹಾರವಿದೆ. ಗೋಡೆಯ ಪಕ್ಕ ಪೇರಲಕ್ಕೆಂದು ತೋಡಿಸಿದ್ದ ಗುಂಡಿಯನ್ನು ಮುಚ್ಚಿಸಿ, ಹಿತ್ತಲಿನ ಆಚೆ ತುದಿಯಲ್ಲಿ ಹೊಸದನ್ನು ತೋಡಿಸಿದ್ದೇನೆ. ನೇರಳೆ ಹಣ್ಣು ಉದುರಿದರೆ ಬಟ್ಟೆಗೆ ಕಲೆಯಾಗುತ್ತದೆ. ಒಣಹಾಕುವ ತಂತಿಯನ್ನು ಎಲ್ಲಿ ಕಟ್ಟಬೇಕೆಂದು ನೀನೇ ಬಂದು ತೋರಿಸು. ಸಸಿಗೆ ಮೊದಲ ನೀರನ್ನು ಮನೆಯಾಕೆಯೇ ಹಾಕಬೇಕೆಂದು ಅವ್ವ ಹಟ ಹಿಡಿದಿದ್ದಾಳೆ. ಆದ್ದರಿಂದ ಸಸಿ ಸದ್ಯ ನೆರಳಿನಲ್ಲಿದೆ.

ಹೊಲಿಗೆ ಬಿಚ್ಚುವವರೆಗೆ ಮಿಶ್ರಿಕೋಟಿಯ ತವರಿನಲ್ಲೇ ಇರು, ಕೊಡ ಎತ್ತಬೇಡ. ಅತ್ತೆಯವರಿಗೆ ನನ್ನ ನಮಸ್ಕಾರ.

ನೇರಳೆಯನ್ನೇ ನೆಡುವುದೆಂದು ನಿರ್ಧರಿಸಿದ್ದೇನೆ.

ನಿನ್ನ
ಪ್ರಭು