ಸವಳು ಮೂಲೆಯ ಕುಸುಬಿ

ಧಾರವಾಡ
ತಾರೀಖು ೨೦ ಜಾನೇವಾರಿ ೧೯೩೭

ಗರಗದ ಸಾವಕ್ಕನವರಿಗೆ,

ಗುರುಶಿದ್ದಪ್ಪ ಮಾಸ್ತರನ ಶರಣಾರ್ಥಿ. ಮೊದಲು ‘ಡಿಯರ್ ಮೇಡಮ್’ ಎಂದು ಬರೆದು ಹರಿದು ಹಾಕಿದೆ. ಪುಣೆಯ ಕಾಲೇಜಿನಲ್ಲಿ ಕಲಿಸಿದ ಪತ್ರಗಳೆಲ್ಲ ಒಂದೋ ಕಲೆಕ್ಟರನಿಗೆ, ಇಲ್ಲವೇ ರಜೆ ಕೇಳುವುದಕ್ಕೆ. ನಿಮ್ಮಂಥವರಿಗೆ ಬರೆಯುವುದನ್ನು ಯಾರೂ ಕಲಿಸಲಿಲ್ಲ. ಇದನ್ನು ನೀವೇ ಓದಿರಿ. ಮೂರನೇ ಇಯತ್ತೆ ಮುಗಿಸಿದವರಿಗೆ ತಿಳಿಯದ್ದೇನೂ ಇದರಲ್ಲಿಲ್ಲ. ಆ ಎತ್ತಿನ ದಲಾಲಿ ಶಿದ್ದಪ್ಪನ ಕೈಗೆ ಮಾತ್ರ ಕೊಡಬೇಡಿರಿ. ಅವನಿಗೆ ಓದಲು ಬರುವುದಿಲ್ಲ, ಬರುತ್ತದೆಂದು ಹೇಳಿಕೊಳ್ಳುತ್ತಾನೆ.

ನಿಮ್ಮೂರಿನಿಂದ ವಾರವಾರ ಖಾದಿ ಗಂಟು ತರುವ ಗುಲಾಬಸಾಬ ನೀವು ಕಳಿಸಿದ ಎಣ್ಣೆಯ ಬಾಟಲಿ ತಲುಪಿಸಿದ. ಕುಸುಬಿ ಎಣ್ಣೆಯಲ್ಲಿ ಬಳ್ಳೊಳ್ಳಿ, ಅಜಿವಾನ ಹಾಕಿ ಕಾಸುವ ನಿಮ್ಮ ಕೈಗುಣ ದೊಡ್ಡದು. ಮೊಣಕಾಲಿಗೆ ಇದಕ್ಕಿಂತ ಛಲೋ ಔಷಧಿ ಇಲ್ಲವೆಂದು ನಮ್ಮ ಓಣಿಯಲ್ಲೆಲ್ಲ ಹೇಳುತ್ತೇನೆ. ಆದರೆ ಗುಲಾಬಸಾಬನ ಚೀಲದಲ್ಲಿ ಅಂಥದೇ ಇನ್ನೊಂದು ಬಾಟಲಿ ಇತ್ತು. ಅದು ಯಾರಿಗಪ್ಪಾ ಎಂದರೆ, ‘ಶಿದ್ದಪ್ಪಗರಿ. ಪ್ಯಾಟಿಗೆ ಎತ್ತು ಹೊಡಕೊಂಡ ಬಂದಾನ. ಸೊಂಟ ಹಿಡದೈತಂತ, ಪಾಪ’ ಎಂದ. ಪಾಪವಂತೆ! ಎರಡೂ ಬಾಟಲಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅವನದು ಒಂದು ಬೆರಳು ಹೆಚ್ಚೇ ಇತ್ತು.

ಇರಲಿ. ಬರೆಯಲು ಕುಳಿತದ್ದು ಎಣ್ಣೆಯ ವಿಷಯವಲ್ಲ. ಎಳ್ಳ ಅಮಾವಾಸ್ಯೆಯ ಸಂಜೆ ಗಾಡಿ ಹತ್ತುವಾಗ ನೀವು ಒಂದು ಪ್ರಶ್ನೆ ಕೇಳಿದಿರಿ. ನಾನು ‘ಮೊಣಕಾಲ ನೋವರಿ’ ಎಂದು ಹಾರಿಕೆಯ ಉತ್ತರ ಕೊಟ್ಟು ಬಂದೆ. ಅದಕ್ಕೆ ಖರೇ ಉತ್ತರ ಕೊಡಬೇಕಾಗಿದೆ. ಆದರೆ ಅದಕ್ಕೂ ಮೊದಲು ನಿಮ್ಮ ಹೊಲದ ಸವಳು ಮೂಲೆಯ ಮಾತು ಬರುತ್ತದೆ.

ಬೇಸಿಗೆಯಲ್ಲಿ ಅಗಸರು ಅರಿವೆ ಒಗೆಯಲು ಮಣ್ಣು ಒಯ್ಯುತ್ತಿದ್ದ ಮೂಲೆ ಅದು. ಮುಂಜಾನೆ ನೋಡಿದರೆ ಯಾರೋ ಸುಣ್ಣ ಚೆಲ್ಲಿದಂತೆ ಉಪ್ಪು ಮೇಲೆದ್ದಿರುತ್ತಿತ್ತು. ನಾನು ನಿಮಗೆ ಏನು ಹೇಳಿದ್ದೆ? ‘ಸಾಯಿಲ್ ಈಸ್ ಸಲೈನ್’, ಒಡ್ಡು ಹಾಕಿ ಮೂರು ಮಳೆಗಾಲ ಮಳೆನೀರಿನಿಂದ ತೊಳೆಯದೆ ಅಲ್ಲಿ ಕಡ್ಡಿಯೂ ಏಳುವುದಿಲ್ಲ ಎಂದಿದ್ದೆ. ನೀವು ಹೂಂ ಎಂದು ಎಲೆ ಅಡಿಕೆ ಕೊಟ್ಟಿರಿ. ನಾನು ಗೆದ್ದೆನೆಂದು ತಿಳಿದು ಊರಿಗೆ ಬಂದೆ. ನೀವು ಹಿಂಗಾರಿಗೆ ಅದೇ ಮೂಲೆಯಲ್ಲಿ ಕುಸುಬಿ ಬಿತ್ತಿಸಿದಿರಿ. ಎಣ್ಣೆಗೆ ಕುಸುಬಿ ಬೇಕು, ಜೋಳದ ನೆಲವನ್ನು ಅದಕ್ಕೆ ಕೊಡಲಾರೆ ಎಂಬುದು ನಿಮ್ಮ ಲೆಕ್ಕ. ಒಪ್ಪಿದೆ. ನನ್ನ ಮಾತು ಸುಳ್ಳಾದದ್ದಕ್ಕೆ ನನಗೆ ಬೇಸರವಿಲ್ಲ. ಆದರೆ ಕೂರಿಗೆ ಹಿಡಿಯಲು ಅವನನ್ನೇ ಕರೆಯಬೇಕೆ? ಬಾಡಿಗೆ ಎತ್ತು ಗರಗದಲ್ಲಿ ಬೇರೆ ಯಾರ ಹತ್ತಿರವೂ ಇರಲಿಲ್ಲವೆ? ಈಗ ಅವನು ಸಂತೆಯಲ್ಲಿ ಮೀಸೆ ತಿರುವುತ್ತ, ‘ಉಪ್ಪಿನ್ಯಾಗ ಬೆಳಿ ತಗದೇನಿ ನೋಡ್ರಲೇ! ಮಾಸ್ತರನ ಇಂಗ್ಲೀಷು ಎಲ್ಲಿ ಹೋತು?’ ಎನ್ನುತ್ತಾನೆ. ಕುಸುಬಿಯ ಮುಳ್ಳು ದನವನ್ನು ದೂರ ಇಡುತ್ತದೆಂದು ಕೇಳಿದ್ದೆ. ದಲಾಲಿಯನ್ನು ಇಡುವುದಿಲ್ಲ.

ಅಮಾವಾಸ್ಯೆಗೆ ಚರಗ ಚೆಲ್ಲಲು ಬನ್ನಿರೆಂದು ನೀವು ಹೇಳಿಕಳಿಸಿದಾಗ ಹೊಸ ರುಮಾಲು ಕೊಂಡೆ. ಹೊಲದಲ್ಲಿ ಭೂಮಿತಾಯಿಗೆ ಎಡೆ ಚೆಲ್ಲುವ ಬುಟ್ಟಿಯನ್ನು ಮನೆಯ ಗಂಡಸು ಹಿಡಿಯಬೇಕು. ನಿಮ್ಮ ಮನೆಯಲ್ಲಿ ಆ ಜಾಗ ಎಂಟು ವರ್ಷದಿಂದ ಖಾಲಿ. ಈ ಸಲ ಬುಟ್ಟಿ ಯಾರ ಕೈಗೆ ಹೋಗುತ್ತದೆಂದು ಇಡೀ ಹೊಲವೇ ನೋಡುತ್ತಿತ್ತು. ನಾನೂ ರುಮಾಲು ಸರಿ ಮಾಡಿಕೊಂಡು ನೋಡುತ್ತಿದ್ದೆ. ನೀವು ಬುಟ್ಟಿಯನ್ನು ಶಿದ್ದಪ್ಪನಿಗೆ ಕೊಟ್ಟಿರಿ. ನನ್ನ ಕೈಗೆ ತಂಬಿಗೆ ಕೊಟ್ಟು, ‘ನೀವು ಹಿಂದಿಂದ ನೀರು ಹಾಕ್ಕೋತ ಬರ್ರಿ, ಮಾಸ್ತರ್ರ’ ಎಂದಿರಿ.

ಸಾವಕ್ಕಾ, ನಾನು ಆ ಮನುಷ್ಯನ ಹಿಂದೆ ನಡೆದೆ. ಅವನು ಕಡುಬಿನ ಚೂರು ಎಸೆದು ‘ಹುಲ್ಲುಲಿಗ್ಯೋ’ ಎಂದು ಕೂಗುವುದು, ನಾನು ನೀರು ಚಿಮುಕಿಸಿ ‘ಚಲ್ಲಂಬರಿಗ್ಯೋ’ ಎಂದು ದನಿಗೂಡಿಸುವುದು. ಅವನ ದನಿ ಬೇಲಿ ದಾಟುತ್ತಿತ್ತು. ನನ್ನದು ರುಮಾಲನ್ನೂ ದಾಟಲಿಲ್ಲ. ನನ್ನ ಹೆಂಡತಿ ದುರಗವ್ವ ಬದುಕಿದ್ದಾಗ ಹೇಳುತ್ತಿದ್ದಳು, ‘ನಿಮ್ಮ ಹೊಟ್ಟಿಕಿಚ್ಚಿಗೆ ಹಸಿ ಕಟ್ಟಿಗಿನೂ ಹತ್ತತೈತಿ’ ಎಂದು. ಚರಗಕ್ಕೆ ಹೊರಡುವ ಮುಂಚೆ, ಊಟಕ್ಕೆ ತಂದ ಉಪ್ಪಿನ ಗಂಟು ಬುತ್ತಿಯ ಪಕ್ಕದಲ್ಲಿ ಬಿಚ್ಚಿತ್ತು. ಒಂದು ಹಿಡಿ ತಂಬಿಗೆಯೊಳಗೆ ಹೇಗೆ ಹೋಯಿತೋ! ಅವನು ಬಿತ್ತಿದ ಕುಸುಬಿ ಅವನ ಮೀಸೆಯಂತೆಯೇ ಜೋತು ಬೀಳಲಿ ಎಂದು ಆ ಸವಳು ಮೂಲೆಗೆ ಧಾರಾಳವಾಗಿ ಚಿಮುಕಿಸಿದೆ. ಧೋತರದ ತುಂಬ ಮುಳ್ಳು ಚುಚ್ಚಿಸಿಕೊಂಡೆ. ಉಪ್ಪನ್ನೇ ಉಂಡು ಎದೆಯೆತ್ತರ ಬೆಳೆದ ಪೈರಿಗೆ ಉಪ್ಪುನೀರು ಹಾಕುತ್ತಿದ್ದೇನೆಂಬುದು ಇಂಟರ್ ತನಕ ಓದಿದ ನನಗೆ ಹೊಳೆಯಲಿಲ್ಲ. ಇಂಥದನ್ನು ಸಾಧಿಸಿ ತೋರಿಸಲು ರೇಖಾಗಣಿತದಲ್ಲೊಂದು ಚಂದದ ಇಂಗ್ಲಿಷ್ ಮಾತಿದೆ. ನನಗೆ ನೆನಪಿರುವುದು ಅದರ ಕೊನೆಯ ‘ಹೆನ್ಸ್ ಪ್ರೂವ್ಡ್’ ಮಾತ್ರ.

ಕೂಗಿ ಕೂಗಿ ಗಂಟಲೊಣಗಿದ ಶಿದ್ದಪ್ಪ ನನ್ನ ಕೈಯಿಂದ ತಂಬಿಗೆ ಕಸಿದು ಗಟಗಟ ಕುಡಿದ. ಮುಂದಿನದನ್ನು ನೀವೂ ನೋಡಿದಿರಿ. ‘ಅಯ್ಯಯ್ಯೋ, ಇದೇನ ತಂಬಿಗ್ಯೋ ಸಮುದ್ರೋ!’ ಎಂದು ಉಗಿದು, ಬುಟ್ಟಿ ಸಮೇತ ಕುಳಿತುಬಿಟ್ಟ. ಎಲ್ಲರೂ ನನ್ನ ಮುಖ ನೋಡಿದರು. ನೀವು ಬಂದು ತಂಬಿಗೆಯಲ್ಲಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಿರಿ. ನನ್ನ ಕಡೆ ನೋಡಿ, ಅವರ ಕಡೆ ತಿರುಗಿ, ‘ಬಾವಿ ನೀರು ಸವಳಾಗೇತಿ, ಅಷ್ಟ. ಏಳ್ರಿ, ಉಣ್ಣಾಕ ಬರ್ರಿ’ ಎಂದಿರಿ.

ಆ ಬಾವಿಯ ನೀರು ಎಳನೀರಿನಂಥದು. ಗರಗಕ್ಕೆಲ್ಲ ಗೊತ್ತು. ನನ್ನ ಮಾನ ಉಳಿಸಲು ನೀವು ನಿಮ್ಮ ಬಾವಿಗೆ ಅಪವಾದ ಹೊರಿಸಿದಿರಿ.

ಸಂಜೆ ಗಾಡಿಯ ಹತ್ತಿರ ನೀವು ಕೇಳಿದ್ದು ಇನ್ನೂ ಕಿವಿಯಲ್ಲಿದೆ. ‘ಆ ಕುಸುಬಿಗೆ ಇನ್ನೊಂದು ಹಿಡಿ ಉಪ್ಪು ಏನ್ ಮಾಡೀತ್ರಿ? ಕುಸುಬಿಗೇನೂ ಆಗೂದಿಲ್ಲ. ನಿಮಗ ಏನಾಗೇತಿ, ಅದನ್ನ ಹೇಳ್ರಿ.’

ಹೇಳುತ್ತೇನೆ. ಕುಸುಬಿಯ ಸುಗ್ಗಿ ಮುಗಿದ ಮೇಲೆ ಶಿದ್ದಪ್ಪ ನಿಮ್ಮನ್ನು ಉಡಿಕೆ ಮಾಡಿಕೊಳ್ಳುತ್ತಾನೆಂದು ಸಂತೆಯಲ್ಲಿ ಸುದ್ದಿ. ಸೀರೆ ತರಲು ಹುಬ್ಬಳ್ಳಿಗೂ ಹೋಗಿ ಬಂದನಂತೆ. ಗಂಡ ಸತ್ತ ಹೆಣ್ಣುಮಗಳು ಇನ್ನೊಮ್ಮೆ ಸೀರೆ ಉಡಿಸಿಕೊಂಡು ಸಂಸಾರ ಹೂಡುವುದು ನಮ್ಮ ಕುಲದಲ್ಲಿ ತಪ್ಪಲ್ಲ. ತಪ್ಪಲ್ಲ ಎಂಬುದು ನನಗೂ ಅನ್ವಯಿಸಬೇಕಲ್ಲವೆ? ಹೆಂಡತಿ ತೀರಿಕೊಂಡ ಈ ಮಾಸ್ತರನಿಗೆ ಪಿಂಚಣಿ ಇದೆ, ಎರಡು ಕೋಣೆ ಇದೆ, ಹಿತ್ತಲಲ್ಲಿ ಅಜಿವಾನ ಹಾಕುವಷ್ಟು ಜಾಗವಿದೆ. ಎತ್ತು ಇಲ್ಲ. ಮೀಸೆಯೂ ಅಷ್ಟಕ್ಕಷ್ಟೆ. ಸೀರೆಯ ಬಣ್ಣ ಯಾವುದೆಂದು ನೀವೇ ಹೇಳಿದರೆ ನಾನೂ ಹುಬ್ಬಳ್ಳಿಗೆ ಹೋಗಬಲ್ಲೆ.

ನನಗೆ ಆಗಿರುವುದು ಇದು.

ಕೆಳಗೆ ‘ಯುವರ್ಸ್ ಫೇತ್‌ಫುಲಿ’ ಎಂದು ಬರೆಯಲು ಕಲಿಸಿದ್ದರು. ರಜೆಯ ಅರ್ಜಿಗಳಿಗೆ ಬರೆದು ಬರೆದು ಅದನ್ನು ಸವೆಸಿಬಿಟ್ಟಿದ್ದೇನೆ. ಹಾಗಾಗಿ ಬರೀ,

ನಿಮ್ಮ
ಗುರುಶಿದ್ದಪ್ಪ

ತಾ.ಕ.: ಉತ್ತರ ಬರೆಯುವುದು ಸಂಕೋಚವಾದರೆ ಬರೆಯಬೇಡಿರಿ. ಮುಂದಿನ ವಾರ ಗುಲಾಬಸಾಬನ ಸಂಗಡ ಮತ್ತೆ ಎಣ್ಣೆ ಬಂದರೆ, ನಾನು ನಿಮಗೆ ಬರೀ ರೋಗಿ ಎಂದು ತಿಳಿದು ಸುಮ್ಮನಾಗುತ್ತೇನೆ. ಏನೂ ಬಾರದಿದ್ದರೆ ಅದರ ಮರು ಸೋಮವಾರದ ಮೋಟಾರಿಗೆ ಗರಗಕ್ಕೆ ಬರುತ್ತೇನೆ, ಬರುವಾಗ ನೀವು ಈವರೆಗೆ ಕೊಟ್ಟ ಬಾಟಲಿಗಳನ್ನೆಲ್ಲ ತರುತ್ತೇನೆ. ಶಿದ್ದಪ್ಪನ ಸೊಂಟಕ್ಕೆ ಕೊಡಿರಿ, ಅವನದು ಖರೇ ನೋವಿರಬಹುದು. ಒಂದರ ಬಿರಡೆಯನ್ನೂ ನಾನು ತೆಗೆದಿಲ್ಲ. ನನ್ನ ಮೊಣಕಾಲಿಗೆ ಎಂದೂ ಏನೂ ಆಗಿರಲಿಲ್ಲ.