ನೀರು ಇಳಿಯುವವರೆಗೆ

ಕೋಡಿಬಾಗ, ಕಾರವಾರ
೧೧ ಫೆಬ್ರವರಿ ೨೦೦೬

ಮಲ್ಲಾಪುರದ ಗಿರಿಧರ ಅವರಿಗೆ, ಹೀರಾಳ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ನೀವು ಮನೆ ಬಿಟ್ಟು ಎರಡು ವರ್ಷವಾದ ಮೇಲೆ ಗಂಡನಿಂದ ಬಂದ ಮೊದಲ ಪತ್ರ, ಅದರಲ್ಲಿ ಅರ್ಧ ಪುಟವೂ ನನ್ನ ಬಗ್ಗೆ ಇಲ್ಲ. ಇರಲಿ. ನಾಟಕದ ವಿಷಯಕ್ಕೇ ಬರುತ್ತೇನೆ.

ನೀವು ಬರೆದ ನಾಟಕವನ್ನೇ ಸಿನಿಮಾ ಮಾಡಿದ್ದಾರಲ್ಲ, ಅದನ್ನು ನೋಡಿದೆ, ಆಯಿಯನ್ನೂ ಕರೆದುಕೊಂಡು ಹೋಗಿದ್ದೆ. ಚೆನ್ನಾಗಿರುವುದನ್ನು ಚೆನ್ನಾಗಿಲ್ಲ ಅನ್ನುವವಳು ನಾನಲ್ಲ. ನಮ್ಮ ನಾಟಕದಲ್ಲಿ ಕಾಳಿ ನದಿಯೇ ಇರಲಿಲ್ಲ. ನಾನು ಜನರ ಕಡೆ ನೋಡುತ್ತಿದ್ದೆ, ಅಲ್ಲಿ ನದಿ ಇದೆ ಎಂದು ಅವರೇ ಅಂದುಕೊಳ್ಳುತ್ತಿದ್ದರು. ಸಿನಿಮಾದಲ್ಲಿ ನಿಜವಾದ ನದಿ ಇದೆ, ಸೇತುವೆ ಇದೆ, ನದಿಯ ಕೆಸರಿನಿಂದ ಬೆಳಚಿನ ಚಿಪ್ಪು ಆರಿಸುವ ಹೆಂಗಸರ ಬೆರಳಿನ ಗಾಯವೂ ಕಾಣುತ್ತದೆ. ಗಂಡ ಬಿಟ್ಟುಹೋದ ರುಕ್ಮಿಣಿ ಚಿಪ್ಪು ಬಿಡಿಸುತ್ತ ಅಳು ತಡೆಯುವಾಗ ಆ ಹುಡುಗಿಯ ಮುಖ ನೋಡಿ ನನಗೆ ಹೊಟ್ಟೆಕಿಚ್ಚೇ ಆಯಿತು.

ಆದರೆ ಕೊನೆ? ಕಡಲು ಉಕ್ಕಿ ನದಿ ತುಂಬಿದ ಭರತದಲ್ಲಿ, ಬುಟ್ಟಿ ಸೊಂಟಕ್ಕೇರಿಸಿ, ಹಸಿರು ಸೀರೆಯಲ್ಲಿ ಅವಳು ನೀರಿಗೆ ಇಳಿಯುತ್ತಾಳೆ. ಮುಳುಗುತ್ತಾಳೆ, ಬುಟ್ಟಿ ತೇಲುತ್ತದೆ. ಸುತ್ತಲಿದ್ದವರೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದರು. ನಮ್ಮ ಆಯಿ ಮಾತ್ರ, ಭರತದ ನೀರಿಗೆ ಬುಟ್ಟಿ ಹಿಡ್ಕಂಡ್ ಯಾರಾದ್ರೂ ಇಳೀತಾರೇನೆ, ಇವ್ಳಿಗೆ ಕೆಲ್ಸವೇ ಗೊತ್ತಿಲ್ಲ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ನಲವತ್ತು ವರ್ಷ ಬೆಳಚು ಆರಿಸಿ ನನ್ನನ್ನು ಸಾಕಿದ ತಾಯಿ ಅವಳು. ಇಳಿತ ಬರುವವರೆಗೆ ದಂಡೆಯಲ್ಲಿ ಕೂರಬೇಕು, ಮಣ್ಣು ಕಂಡ ಮೇಲೆ ಇಳಿಯಬೇಕು. ನಿಮ್ಮ ಸಿನಿಮಾದವರಿಗೆ ತುಂಬಿದ ನೀರು ಚಂದ ಕಂಡಿತು, ಅಷ್ಟೇ.

ನಾಟಕದಲ್ಲಿ ನನ್ನ ರುಕ್ಮಿಣಿ ಹಾಗೆ ದಂಡೆಯಲ್ಲಿ ಕೂರುತ್ತಿದ್ದಳು. ನಾಲ್ಕು ನಿಮಿಷ, ಮಾತಿಲ್ಲ, ಹಾರ್ಮೋನಿಯಂ ಇಲ್ಲ. ಜನ ಕೆಮ್ಮುತ್ತಿದ್ದರು, ಕುರ್ಚಿ ಕಿರುಗುಟ್ಟಿಸುತ್ತಿದ್ದರು. ಆಮೇಲೆ ನಾನು ಸೀರೆ ಎತ್ತಿಕಟ್ಟಿ, ಬುಟ್ಟಿ ತೆಗೆದುಕೊಂಡು, ರಂಗದಿಂದ ಇಳಿದು ಅವರ ನಡುವೆಯೇ ಕೆಲಸಕ್ಕೆ ಹೋಗುತ್ತಿದ್ದೆ.

ಈಗ ಜನ ಸಿನಿಮಾ ನೋಡಿದ್ದಾರೆ, ಅಂಕೋಲೆಯ ಪ್ರಯೋಗದಲ್ಲೂ ರುಕ್ಮಿಣಿ ಸಾಯಬೇಕು, ಇಲ್ಲದಿದ್ದರೆ ನಾಟಕ ಆಡಲು ಅನುಮತಿ ಇಲ್ಲ ಎಂದು ಬರೆದಿದ್ದೀರಿ. ಹೊಸ ಕೊನೆಯ ಹಾಳೆಯನ್ನೂ ಕಳಿಸಿದ್ದೀರಿ. ಅದನ್ನು ಇದರ ಜೊತೆ ವಾಪಸ್ ಇಟ್ಟಿದ್ದೇನೆ.

ನಿಮ್ಮ ಮಾತುಗಳು ನಿಮ್ಮವು, ಬೇಡವೆಂದರೆ ಒಂದೂ ಆಡುವುದಿಲ್ಲ. ಆದರೆ ಹಳೆಯ ಪ್ರತಿ ತೆಗೆದು ನೋಡಿ. ಕೊನೆಯ ದೃಶ್ಯಕ್ಕೆ ನೀವು ಬರೆದದ್ದು ರುಕ್ಮಿಣಿ ಹೋಗುತ್ತಾಳೆ ಎಂದು ಮಾತ್ರ. ಕೂತದ್ದು ನಾನು. ಆಯಿಯನ್ನು ನೋಡಿ ಕಲಿತದ್ದು. ತಾಲೀಮಿನಲ್ಲಿ ಅದು ಉದ್ದವಾಯಿತೆಂದು ನೀವು ಸಿಡುಕಿದ್ದೂ ನೆನಪಿದೆ. ಹಾಗಾಗಿ ೧೯ರ ಭಾನುವಾರ ಅಂಕೋಲೆಯಲ್ಲಿ, ಬೇಕಾದರೆ ಆ ನಾಲ್ಕು ನಿಮಿಷವನ್ನಷ್ಟೇ ಆಡುತ್ತೇನೆ. ಅದಕ್ಕೆ ನಿಮ್ಮ ಅನುಮತಿ ಬೇಕಿಲ್ಲ. ತಡೆಯಬೇಕೆಂದಿದ್ದರೆ ಬನ್ನಿ, ಮುಂದಿನ ಸಾಲಿನಲ್ಲಿ ಆಯಿಯ ಪಕ್ಕ ಒಂದು ಕುರ್ಚಿ ಇಟ್ಟಿರುತ್ತೇನೆ.

ಇನ್ನೂ ಸಾಯದ ರುಕ್ಮಿಣಿ,
ಹೀರಾ

ತಾ.ಕ.: ಸಿನಿಮಾದ ಕೊನೆಗೆ ಬಂದ ನನ್ನ ಹಸಿರು ಸೀರೆಯ ವಿಷಯ ನಿಮಗೆ ಯಾರು ಹೇಳಿದರೋ ಗೊತ್ತಿಲ್ಲ. ಹೇಳಿದ್ದು ಸುಳ್ಳಲ್ಲ. ನೀವು ಮನೆ ಬಿಟ್ಟು ಹೋದ ದಿನ ಮಧ್ಯಾಹ್ನ ಅದೇ ಸೀರೆಯಲ್ಲಿ, ಆಯಿಗೆ ಕಾಣಬಾರದೆಂದು ಸೇತುವೆ ದಾಟಿ ಸದಾಶಿವಗಡದ ದಂಡೆಗೆ ಹೋಗಿದ್ದೆ. ನೀರು ತುಂಬಿತ್ತು, ಕೈಯಲ್ಲಿ ಬುಟ್ಟಿಯೂ ಇರಲಿಲ್ಲ. ನೋಡಿದವರು ಅಷ್ಟನ್ನೇ ನೋಡಿ ಹೋಗಿರಬೇಕು. ನಾನು ಕೂತೆ. ಮೂವತ್ತೆರಡು ಪ್ರಯೋಗಗಳಲ್ಲಿ ಕೂತು ರೂಢಿಯಾಗಿತ್ತಲ್ಲ. ಸಂಜೆ ಮಣ್ಣು ಕಂಡಿತು. ಸೆರಗಿನ ತುಂಬ ಬೆಳಚು ಕಟ್ಟಿಕೊಂಡು ಬಂದು ಸಾರು ಮಾಡಿದೆ, ಆಯಿ ಎರಡು ಸಲ ಬಡಿಸಿಕೊಂಡಳು.