ಕಾರಿನಡಿ ಸಿಕ್ಕಿದ ಪಂಚೆ

ಹಾರನಹಳ್ಳಿ
೧೦-೨-೨೦೨೫, ಸೋಮವಾರ

ನನ್ನ ಮಗ ಶಶಿಗೆ ನಿಮ್ಮವ್ವ ಮಾಡುವ ಆಶೀರ್ವಾದ.

ಹೆಂಗಿದ್ದೀಯ ಮಗ? ಆ ಮಂಜಿನ ಬೆಟ್ಟದಲ್ಲಿ ಕಾವಲು ಕಾಯ್ತಾ ಕಾಲ್ಬೆರಳು ಮರಗಟ್ಟಿಸ್ಕೋಬೇಡ, ನಾ ಕಳಿಸಿದ ಉಣ್ಣೆ ಕಾಲುಚೀಲ ಪೆಟ್ಟಿಗೇಲಿ ಮಡಿಸಿಡದೆ ಹಾಕ್ಕೋ. ಅಲ್ಲಿ ಫೋನ್ ಸಿಗಲ್ಲ ಅಂತ ಕಾಗದ ಬರೀತಿದ್ದೀನಿ. ಇಲ್ಲಿ ಎಲ್ರೂ ಚೆನ್ನಾಗಿದ್ದೀವಿ. ನಿಮ್ಮಪ್ಪನೂ ಚೆನ್ನಾಗವ್ರೆ. ಅದನ್ನ ಬೇರೆಯಾಗಿ ಯಾಕೆ ಬರೆದೆ ಅಂತ ಮುಂದೆ ಓದು, ಗಾಬರಿಯಾಗಬೇಡ.

ನಿನ್ನೆ ಚುಂಚನಕಟ್ಟೆಯಿಂದ ಹುಡುಗಿ ಕಡೆಯವರು ನಮ್ಮನೆ ನೋಡೋಕೆ ಬಂದಿದ್ರು. ಅದೇ ಅನುಶ್ರೀ ಕಣಪ್ಪ, ಹೋದ ರಜದಲ್ಲಿ ಫೋಟೊ ನೋಡಿ ಹೂಂ ಅನ್ನದೆ ಉಹೂಂ ಅನ್ನದೆ ಹೋದೆಯಲ್ಲ, ಆ ಹುಡುಗಿ. ಬೆಳಗಾಗೆದ್ದು ನಾನು ಕಜ್ಜಾಯದ ಚಿಂತೇಲಿದ್ರೆ, ನಿಮ್ಮಪ್ಪನಿಗೆ ನೀನು ಹೊಗೆಸೊಪ್ಪು ಬೇಯಿಸೋ ಬ್ಯಾರನ್ ಮನೆ ಮುಂದೆ ನಿಲ್ಲಿಸಿ ಹೋದ ಕೆಂಪು ಸ್ಪೋರ್ಟ್ಸ್ ಕಾರಿನ ಚಿಂತೆ. ಮುಂದಿನ ಒಂದು ಚಕ್ರ ಪಂಚರಾಗಿ, ಕುಂಟೆಮ್ಮೆ ಹಂಗೆ ವಾಲ್ಕಂಡು ನಿಂತಿತ್ತು. 'ಮಿಲಿಟರಿಯೋನ ಕಾರು ಹಿಂಗಿದ್ರೆ ಮರ್ವಾದೆ ಏನಾಯ್ತದೆ ಕಣೆ?' ಅಂತ ಪಂಚೆ ಎತ್ತಿಕಟ್ಟಿದ್ರು. ಪಂಚರ್ ಅಂಗಡಿಯವನು ಚಕ್ರ ಬಿಚ್ಕಂಡು ಬನ್ನಿ ಅಂದಿದ್ನಂತೆ. ಟ್ರ್ಯಾಕ್ಟರ್ ಜಾಕು ತಂದ್ರೆ ಆ ಕಾರಿನ ಹೊಟ್ಟೆ ಅಡಿಗೆ ಬೆಕ್ಕೂ ನುಸಿಯಲ್ಲ, ಜಾಕೆಲ್ಲಿ ನುಸೀತದೆ? ಪಕ್ಕದ ಮನೆ ಮಾದೇವನ ಕೈಲಿ ಹಾರೆ ಹಾಕಿ ಮೀಟಿಸಿ, ಅಡಿಗೆ ಇಟ್ಟಿಗೆ ಜೋಡಿಸಿ, ಅದರ ಪಕ್ಕಕ್ಕೆ ಜಾಕು ತುರುಕಿ, ಅಂತೂ ಚಕ್ರ ಬಿಚ್ಚಿದ್ರು. ಬಿಚ್ಚಿದ ನಟ್ಟೊಂದು ಕಾರಿನಡಿಗೆ ಉರುಳ್ತು. ನಿಮ್ಮಪ್ಪ ಅಂಗಾತ ಮಲಗಿ ತಲೆ ಒಳಗೆ ತೂರಿಸಿದ್ರು.

ಅದೇ ಹೊತ್ತಿಗೆ ಜೀಪು ಬಂದು ನಿಲ್ತು. ಅದರಿಂದ ಹಸಿರು ಸೀರೆಯ ಹುಡುಗಿ ಇಳಿದವಳೇ, ನಮಸ್ಕಾರ ಇಲ್ಲ ಏನಿಲ್ಲ, 'ಮಾವ, ಆಚೆ ಬನ್ನಿ! ಈಗ್ಲೇ ಬನ್ನಿ!' ಅಂತ ಕಿರುಚಿದ್ಲು. ಸಂಬಂಧ ಕುದುರೋಕೆ ಮೊದ್ಲೇ ಮಾವ ಅಂತಾಳಲ್ಲ ಅಂತ ನಾನು ಬಾಯಿ ಬಿಟ್ಟೆ. ನಿಮ್ಮಪ್ಪ ಬೆಚ್ಚಿಬಿದ್ದು ಹೊರಕ್ಕೆ ಹೊರಳೋದಕ್ಕೂ ಇಟ್ಟಿಗೆ ಪುಡಿಯಾಗಿ ಜಾಕು ಜಾರಿ ಕಾರು ಧಡ್ ಅಂತ ಕೂರೋದಕ್ಕೂ ಸರಿಹೋಯ್ತು. ಅವರ ತಲೆಯಿದ್ದ ಜಾಗ ನೋಡಿ, ಓಡಿಹೋಗಿ ಅವರ ತಲೆ ಮುಟ್ಟಿ ನೋಡ್ದೆ ಮಗ.

ಜೀವ ಉಳೀತು, ಪಂಚೆ ಸಿಕ್ಕಾಕ್ಕಂತು. ಎದ್ರೆ ಬೀಗರ ಮುಂದೆ ಪಟಾಪಟಿ ಚಡ್ಡಿ! ಕೂತಲ್ಲೇ ಕೈಮುಗಿದು, 'ಬನ್ನಿ ಬನ್ನಿ, ಕೂತ್ಕಳಿ' ಅಂದ್ರು. ಹುಡುಗಿ ಅಪ್ಪ ಇನ್ನೇನು ಮಾಡ್ಯಾರು, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ್ರು. ಕಜ್ಜಾಯ ಅಲ್ಲಿಗೇ ತಂದುಕೊಟ್ಟೆ.

ಅನುಶ್ರೀ ಹುಣಸೂರಲ್ಲಿ ಕಾರು ರಿಪೇರಿ ಕೆಲಸ ಮಾಡ್ತಾಳಂತೆ, ಬಂದಿದ್ದೂ ವರ್ಕ್‌ಶಾಪಿನ ಜೀಪಲ್ಲೇ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾರು ಗೇರಲ್ಲೈತಾ, ಹ್ಯಾಂಡ್‌ಬ್ರೇಕ್ ಐತಾ ನೋಡಿದ್ಲು. ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಟ್ಲು. ಜೀಪಿಂದ ಚಪ್ಪಟೆ ಜಾಕು ಎಳೆದು ತಂದು, ಬಾಗಿಲ ಕೆಳಗಿನ ಅಂಚಲ್ಲಿ ಕಂಪನಿಯೋರು ಗುರುತು ಮಾಡಿರೋ ಗಟ್ಟಿ ಜಾಗಕ್ಕೆ ರಬ್ಬರ್ ಇಟ್ಟು ಮೆಲ್ಲಗೆ ಎತ್ತಿದ್ಲು. ಆಮೇಲೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟು, ಭಾರ ಅದರ ಮೇಲೆ ಇಳಿಸಿ, ಕಾರನ್ನ ಅಲ್ಲಾಡಿಸಿ ನೋಡಿದ ಮೇಲೇ ಪಂಚೆ ಬಿಡಿಸಿದ್ದು. 'ಎತ್ತೋದಷ್ಟೇ ಜಾಕಿನ ಕೆಲಸ ಮಾವ, ಹೊರೋದು ಸ್ಟ್ಯಾಂಡಿನ ಕೆಲಸ. ಇಟ್ಟಿಗೆ ನಂಬಬೇಡಿ. ಸ್ಟ್ಯಾಂಡಿದ್ರೂ ಅಡಿಗೆ ತಲೆ ಹಾಕ್ಬೇಡಿ' ಅಂದ್ಲು. ಕಾರು ಎತ್ತೋಕೆ ಮೊದ್ಲು, ಚಕ್ರ ನೆಲದ ಮೇಲಿದ್ದಾಗ್ಲೇ ನಟ್ಟು ಸಡಿಲ ಮಾಡ್ಕೋಬೇಕಂತೆ. ನಿಮ್ಮಪ್ಪ, ಹೆಂಡ್ತಿ ಮಾತಿಗೆ ಯಾವತ್ತೂ ತಲೆ ಆಡಿಸದ ದೊಡ್ಡಬೀರಯ್ಯ, ಎಲ್ಲಕ್ಕೂ 'ಹೂಂ ಕಣವ್ವ' ಅಂದಿದ್ದೇ ಅಂದಿದ್ದು.

ಸಂಜೆಗೆ ಪಂಚರ್ ಹಾಕಿಸಿ ಚಕ್ರ ಕೂರಿಸಾಯ್ತು. ಮಾದೇವನೂ ನಿನ್ನ ಕೇಳಿದ. ಹೊತ್ತಿಗೆ ಸರಿಯಾಗಿ ಉಣ್ಣು ಮಗ, ದೇವ್ರು ನಿನ್ನ ತಣ್ಣಗಿಟ್ಟಿರಲಿ.

ನಿಮ್ಮವ್ವ,
ಸಿದ್ದಲಿಂಗಮ್ಮ

ಮರೆತಿದ್ದೆ: ಆ ಕಡೆಯವರು ಒಪ್ಪವ್ರೆ. ಹುಡುಗಿ ಮಾತ್ರ ನಿನ್ ಜೊತೆ ಮಾತಾಡದೆ ಹೂಂ ಅನ್ನಲ್ವಂತೆ, ಅದೂ ಸರಿಯೇ ಬುಡು. ಬೆಟ್ಟ ಇಳಿದ ದಿನ ಮೊದ್ಲು ಅವಳಿಗೆ ಫೋನ್ ಮಾಡು, ನನಗೆ ಆಮೇಲೆ. ನೆಟ್ಟಗೆ ಮಾತಾಡಪ್ಪ. ನಿಮ್ಮಪ್ಪ ಆಗ್ಲೇ ಊರೆಲ್ಲ ಹೇಳ್ಕಂಡು ತಿರುಗ್ತಾವ್ರೆ: 'ನಮ್ಮ ಹುಡುಗ ಒಪ್ಪದಿದ್ರೆ ಬೇರೆ ಮಗನ್ನ ಹುಡುಕ್ತೀನಿ, ಸೊಸೆ ಮಾತ್ರ ಇವಳೇ!'